ಅವ್ವನ ಎಡಗೈ ಮತ್ತು ತುರಚಿ ಎಲೆ

ಖಾನಾಪುರದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಒಂದು ಗಿಡ ಮಳೆಗಾಲದಲ್ಲಿ ಎದೆಮಟ್ಟ ಬೆಳೆಯುತ್ತಿತ್ತು. ಅವ್ವ ಅದಕ್ಕೆ ತುರಚಿ ಅನ್ನುತ್ತಿದ್ದಳು. ಬಾಜು ಮನೆಯ ಶೇವಂತಾಬಾಯಿ ಮರಾಠಿಯವಳು. ಅವಳ ಬಾಯಲ್ಲಿ ಅದು ಖಾಜೋಟಿ, ಅವಳ ಎಮ್ಮೆಯ ಮೂತಿಗೆ ತಾಗಿದ ದಿನ ಮಾತ್ರ ಆಗ್ಯಾ, ಅಂದರೆ ಬೆಂಕಿಯಂಥದ್ದು. ಸಾಲೆಯ ಮಕ್ಕಳು ನಾವೆಲ್ಲ ಚುರಚುರಿ ಅನ್ನುತ್ತಿದ್ದೆವು, ಒಬ್ಬರ ಅಂಗಿಯೊಳಗೆ ಇನ್ನೊಬ್ಬರು ಹಾಕಿ ಓಡುತ್ತಿದ್ದೆವು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಉಳಿದ ಹೊತ್ತಿನಲ್ಲಿ ತುರಚಿ ಅಂದರೂ ಔಷಧಕ್ಕೆ ಎಲೆ ಹರಿಯಲು ಹೋದಾಗ ಆ ಹೆಸರು ಎತ್ತುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಗಿಡ ಸಿಟ್ಟಾಗಿ ತನ್ನ ಗುಣವನ್ನು ಒಳಗೆ ಎಳೆದುಕೊಳ್ಳುತ್ತದೆ ಎಂದು ಅವಳ ನಂಬಿಕೆ. ಹಣೆಗೆ ವಿಭೂತಿ ಹಚ್ಚಿ, ಅಂಗೈಗೆ ಎಣ್ಣೆ ಸವರಿಕೊಂಡು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ತಂಗೆವ್ವಾ, ಬರ್ತಿಯೇನ?" ಎಂದು ಕೇಳಿ, ಉಸಿರು ಬಿಗಿಹಿಡಿದು ಚಿವುಟುತ್ತಿದ್ದಳು. ಉಸಿರು ಹಿಡಿದವರಿಗೆ ಅದು ಉರಿಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವಳೂ ಅವಳೇ. ಆದರೆ ಒಳಗೆ ಬಂದ ಮೇಲೆ ಯಾರೂ ನೋಡದ ಹಾಗೆ ಸೀರೆಯ ನಿರಿಗೆಗೆ ಕೈ ತಿಕ್ಕಿಕೊಳ್ಳುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಪ್ಪ ಹಂಚಿನ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಸುಡುವಾಗ ಸೊಟ್ಟಾದ ಹಂಚುಗಳನ್ನೇ ತಂದು ನಮ್ಮ ಮನೆಗೆ ಹೊದಿಸಿದ್ದರಿಂದ ಮಳೆ ಬಂದರೆ ಪಡಸಾಲೆಯ ಯಾವ ಮೂಲೆಯಲ್ಲಿ ಚರಗಿ ಇಡಬೇಕು, ಯಾವ ಮೂಲೆಯಲ್ಲಿ ಬುಟ್ಟಿ ಇಡಬೇಕು ಎಂಬುದು ನಮಗೆ ಬಾಯಿಪಾಠ. ಅದೇ ಪಡಸಾಲೆಯಲ್ಲಿ ಆಯಿಯ ವೈದ್ಯ ನಡೆಯುತ್ತಿತ್ತು. ತುರಚಿಯಲ್ಲೇ ಬಳ್ಳಿಯಾಗಿ ಹಬ್ಬುವ ಜಾತಿಯ ಬೇರನ್ನು ಬೆಲ್ಲ ಹಾಕಿ ಕುದಿಸಿ ಜ್ವರಕ್ಕೆ ಕೊಡುತ್ತಿದ್ದಳು. ಅದೇ ಬೇರನ್ನು ತೇಯ್ದು ಉಗುರುಸುತ್ತಿಗೆ ಹಚ್ಚುತ್ತಿದ್ದಳು. ಹಿತ್ತಲಿನ ಅಗಲ ಎಲೆಯದನ್ನು ರೊಟ್ಟಿ ಬೇಯಿಸುವ ಬಿಸಿ ಹಂಚಿನ ಮೇಲೆ ಒಮ್ಮೆ ಹೊರಳಿಸಿ ಬಾವು ಬಂದ ಕೀಲಿಗೆ ಕಟ್ಟುತ್ತಿದ್ದಳು. ಹಾಗೆ ಬಾಡಿಸಿದ್ದಕ್ಕೆ ಅವಳು ಸತ್ತ ಎಲೆ ಅನ್ನುತ್ತಿದ್ದಳು, ಯಾಕೆಂದರೆ ಶಾಖ ತಾಗಿದ ಮೇಲೆ ಅದು ಯಾರನ್ನೂ ಉರಿಸುತ್ತಿರಲಿಲ್ಲ. ಆದರೆ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದದ್ದು ಹಸಿ ಎಲೆಯ ಪೆಟ್ಟು ತಿನ್ನಲು. ಲಕ್ವಾ ಹೊಡೆದು ಕೈಕಾಲು ಜೋಮು ಹಿಡಿದವರನ್ನು ಚಾಪೆಯ ಮೇಲೆ ಮಲಗಿಸಿ, ಹಸಿ ಕಟ್ಟಿನಿಂದ ಆ ಕೈಯನ್ನು ಬಡಿಯುತ್ತಿದ್ದಳು. ಮೊದಲು ಏನೂ ಆಗುತ್ತಿರಲಿಲ್ಲ. ಯಾವಾಗಲೋ ಒಮ್ಮೆ ಮನುಷ್ಯ ಹಲ್ಲು ಕಚ್ಚಿ ಚೀರಿದನೆಂದರೆ ಆಯಿಯ ಮುಖ ಅರಳುತ್ತಿತ್ತು.

"ಚೀರೋ ಎಪ್ಪಾ, ಚೀರು! ಚೀರಿದಿ ಅಂದ್ರ ಕೈ ನಿಂದು. ಸುಮ್ಮನ ಬಿದ್ದಿ ಅಂದ್ರ ಆ ಕೈ ನಿಂದಲ್ಲ."

ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಒಲೆಯ ಬೂದಿ ಕಲಸಿ ಬಳಿಯುತ್ತಿದ್ದಳು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಹೊರಗೆ ಯಾರೋ ಚೀರುವ ಸದ್ದು, ನಡುವೆ ಊಟದ ಗಂಗಾಳ ಹಿಡಿದುಕೊಂಡು ನಾನು. ಇನ್ನೊಬ್ಬರು ಚೀರುತ್ತಿರುವಾಗ ಊಟ ಮಾಡುವುದನ್ನು ನಾನು ಮಾತು ಕಲಿಯುವ ಮೊದಲೇ ಕಲಿತಿರಬೇಕು. ಇವತ್ತಿಗೂ ನನ್ನ ಮಕ್ಕಳು, "ಅವ್ವಗ ಯಾರ ಅತ್ರೂ ಮನಸ ಕರಗಂಗಿಲ್ಲ" ಅನ್ನುತ್ತಾರೆ. ಕರಗುತ್ತದೆ, ತೋರಿಸಲು ಬರುವುದಿಲ್ಲ, ಅಷ್ಟೇ.

ಆ ಎಲೆಗೆ ಇನ್ನೊಂದು ಕೆಲಸವಿತ್ತು, ಅದನ್ನು ಜೋರಾಗಿ ಯಾರೂ ಹೇಳುತ್ತಿರಲಿಲ್ಲ. ಮೈಮೇಲೆ ಬಿಳಚಿದ ಮಚ್ಚೆ ಎದ್ದವರನ್ನು, ಹೆಚ್ಚಾಗಿ ಲಗ್ನಕ್ಕೆ ಬಂದ ಹುಡುಗಿಯರನ್ನು, ಮನೆಯವರು ಕರೆದುಕೊಂಡು ಬರುತ್ತಿದ್ದರು. ಅದಕ್ಕೆ 'ಎಲೆ ಮುಟ್ಟಿಸುವುದು' ಅನ್ನುತ್ತಿದ್ದರು. ಕಣ್ಣಿಗೆ ಸೆರಗು ಕಟ್ಟಿ, ಮೊದಲು ಒಳ್ಳೆಯ ಚರ್ಮಕ್ಕೆ, ಆಮೇಲೆ ಮಚ್ಚೆಗೆ ಮುಟ್ಟಿಸಬೇಕು. ಮಚ್ಚೆ ಉರಿದರೆ ಅದು ಬರೀ ಮಚ್ಚೆ. ಉರಿಯದಿದ್ದರೆ ದೊಡ್ಡ ಜಡ್ಡು. ಕುಷ್ಠ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಕುಂಬಾರರ ಹುಡುಗಿಯೊಬ್ಬಳಿಗೆ ಹೀಗೆ ಎಲೆ ಮುಟ್ಟಿಸಿದಾಗ ಅವಳು ಸೆರಗಿನ ಕೆಳಗೆ ನಗುತ್ತ, "ಮುಟ್ಟಿಸಿದ್ರೇನ್ರಿ ಆಯಿ?" ಎಂದು ಕೇಳಿದ್ದಳು. ಆಗಲೇ ಮುಟ್ಟಿಸಿ ಆಗಿತ್ತು. ಅವಳ ತಾಯಿ ಅಲ್ಲೇ ನೆಲಕ್ಕೆ ಕುಸಿದಳು. ವಾರ ಕಳೆಯುವುದರೊಳಗೆ ಆ ಮನೆಯ ಬಾವಿಗೆ ಯಾರೂ ನೀರಿಗೆ ಹೋಗದಂತಾಯಿತು. ಆಮೇಲೆ ಹುಡುಗಿಯೂ ಕಾಣಲಿಲ್ಲ. ಎಲ್ಲಿಗೆ ಕಳಿಸಿದರೋ, ಇದ್ದಾಳೋ ಸತ್ತಳೋ, ನಮಗೆ ತಿಳಿಯಲೇ ಇಲ್ಲ. ಅವಳ ಆ ನಗು ಮಾತ್ರ ನನಗೆ ನೆನಪಿದೆ.

ಅಪ್ಪನ ತಂಗಿ ಕಸ್ತೂರತ್ತಿಗೆ ಬೆಳಗಾವಿಯ ಕ್ಯಾಂಪಿನಲ್ಲಿ ಅಂಗಡಿ ಇಟ್ಟವರ ಮನೆಯಿಂದ ಸಂಬಂಧ ಕೂಡಿಬಂದ ಶ್ರಾವಣದಲ್ಲಿ ಅವ್ವನ ಎಡಗೈಯ ಮಚ್ಚೆ ಹೊರಬಿತ್ತು. ಅವ್ವ ಯಾವಾಗಲೂ ಮೊಣಕೈ ಮುಚ್ಚುವ ಕುಪ್ಪಸ ತೊಡುತ್ತಿದ್ದಳು. ಆವತ್ತು ಅನ್ನ ಬಸಿಯುವಾಗ ಗಂಜಿ ಚೆಲ್ಲಿ ತೋಳು ತೊಯ್ದಿತು. ಕುದಿಯುವ ಗಂಜಿ. ಅವ್ವ ಏನೂ ಆಗದವಳಂತೆ ಬಸಿಯುತ್ತಲೇ ಇದ್ದಳು. ಒಲೆಯ ಮುಂದೆ ಕೂತಿದ್ದ ಅತ್ತಿ ಅದನ್ನು ನೋಡಿ, ಅವ್ವನ ತೋಳು ಎಳೆದು, ಕುಪ್ಪಸ ಮೇಲೆ ಸರಿಸಿದಳು. ಮೊಣಕೈಯ ಕೆಳಗೆ ವೀಳ್ಯದೆಲೆಯಷ್ಟು ಅಗಲದ, ಬಿಳಚಿದ, ರೋಮವಿಲ್ಲದ ಜಾಗ. ಅತ್ತಿ ಕೈಬಿಟ್ಟು ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆ ಒರೆಸಿಕೊಂಡದ್ದಕ್ಕೆ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ. ಅತ್ತಿ ಆಯಿಯನ್ನು ಕೂಗಿದಳು.

"ಅವ್ವಾ, ವೈನಿ ಕೈ ನೋಡ ಬಾ! ನನ್ನ ಲಗ್ನ ಮುರದು ಹೊಳಿಗೆ ಹಾಕೂದ ಐತೇನು ಎಲ್ಲಾರೂ ಕೂಡಿ? ನಾಳೆ ಎಲಿ ಮುಟ್ಟಸು. ಮುಟ್ಟಸದಿದ್ರ ನಾ ಈ ಮನ್ಯಾಗ ನೀರ ಕುಡ್ಯಾಂಗಿಲ್ಲ."

ಆಯಿ ಬಂದು ನೋಡಿದಳು, ದೇವರ ಮನೆಗೆ ಹೋದಳು. ಅಪ್ಪ ಭಟ್ಟಿಯಿಂದ ಬಂದು, ಮಾತು ಕೇಳಿಸಿಕೊಂಡು, ಕಾಲು ತೊಳೆಯದೆ ಹೊರಗಿನ ಕಟ್ಟೆಯ ಮೇಲೆ ಕೂತ. ಎಲೆ ಉರಿಯದಿದ್ದರೆ ಅವ್ವ ಈ ಮನೆಯಲ್ಲಿ ಇರುವುದಿಲ್ಲ ಎಂಬುದು ನನಗೆ, ಎರಡನೇ ಇಯತ್ತೆ ಓದುವ ಹುಡುಗಿಗೆ, ಯಾರೂ ಹೇಳದೆ ಗೊತ್ತಾಯಿತು. ಯಾರೂ ನೀರು ಸೇದದ ಕುಂಬಾರರ ಬಾವಿ ಸಾಲೆಯ ದಾರಿಯಲ್ಲೇ ಇತ್ತಲ್ಲ.

ಮರುದಿನ ಮುಂಜಾನೆ ಅವ್ವ ನನ್ನನ್ನು ಬಚ್ಚಲಿಗೆ ಕರೆದು ಅಗಳಿ ಹಾಕಿದಳು. ಬಾಳೆಲೆಯಲ್ಲಿ ಸುತ್ತಿ ಒಂದು ತುರಚಿ ಕುಡಿ ತಂದಿಟ್ಟಿದ್ದಳು. ಕಣ್ಣು ಮುಚ್ಚಿ ಕೈ ಚಾಚಿದಳು.

"ಸರೂ, ಮುಟ್ಟಸು. ಯಾವಾಗ ಮುಟ್ಟಸ್ತಿ ಅಂತ ಹೇಳಬ್ಯಾಡ."

ನಾನು ಮುಟ್ಟಿಸಿದೆ. ನನ್ನ ಬೆರಳ ತುದಿಗೇ ಬೆಂಕಿ ಹತ್ತಿದಂತಾಗಿ ಕಣ್ಣಲ್ಲಿ ನೀರು ಬಂತು. ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಮುಟ್ಟಸ ಮತ್ತ."

"ಮುಟ್ಟಸಿದ್ನೆವ್ವಾ."

ಅವ್ವ ಬಚ್ಚಲ ಕಲ್ಲಿನ ಮೇಲೆ ಕೂತಳು. ಅತ್ತಾಳೇನೋ ಎಂದು ನೋಡಿದೆ. ಇಲ್ಲ, ಅವಳು ಯೋಚನೆ ಮಾಡುತ್ತಿದ್ದಳು. ಎಲೆ ಮುಟ್ಟಿಸುವಾಗ ಮಗುವೊಂದು ತೊಡೆಯ ಮೇಲೆ ಕೂತಿದ್ದರೆ ಶುಭ ಎಂದು ನಮ್ಮಲ್ಲಿತ್ತು. ಅವ್ವ ತನ್ನ ಬಲಗೈಯನ್ನು ನನ್ನ ಕೈಯಲ್ಲಿಟ್ಟಳು.

"ನೀ ತೊಡಿ ಮ್ಯಾಲ ಕುಂದರು. ಈ ಕೈ ಹಿಡಕೊಂಡಿರು. ಆಯಿ ಮಚ್ಚಿಗೆ ಎಲಿ ಹಚ್ಚಿದ ಕೂಡಲೆ ಉಗರ ಚುಚ್ಚು. ರಗತ ಬರೂ ಹಂಗ ಚುಚ್ಚು. ಹೆದರಬ್ಯಾಡ ನನ್ನ ಬಂಗಾರಾ, ಚುಚ್ಚದಿದ್ರ ನಾ ಹೋಗ್ತೀನಿ ನೋಡು."

ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಅತ್ತಿ ಕಂಬಕ್ಕೆ ಒರಗಿ ನಿಂತಿದ್ದಳು, ಅಪ್ಪ ಬಾಗಿಲಲ್ಲಿ. ಆಯಿ ಅವ್ವನ ಕಣ್ಣಿಗೆ ಸೆರಗು ಕಟ್ಟಿ, ಮೊದಲು ಎಲೆಯನ್ನು ಹೆಗಲಿಗೆ ತಾಗಿಸಿದಳು. ಅವ್ವ ನಿಜವಾಗಿಯೇ "ಸ್ಸ್" ಎಂದು ಉಸಿರೆಳೆದಳು. ಆಯಿ ತಾಟಿನಿಂದ ಇನ್ನೊಂದು ಎಲೆ ತೆಗೆದು ಮಚ್ಚೆಯ ಮೇಲೆ ಒತ್ತಿದಳು. ನಾನು ಉಗುರು ಚುಚ್ಚಿದೆ. ನನಗಿದ್ದ ಶಕ್ತಿಯನ್ನೆಲ್ಲ ಹಾಕಿ ಚುಚ್ಚಿದೆ.

"ಯವ್ವಾ, ಸತ್ನೇ! ಉರೀತೈತಿ, ತಗೀರಿ, ತಗೀರಿ!"

ಆಯಿ ಎಲೆ ತೆಗೆಯಲಿಲ್ಲ. ಅವ್ವನ ಮುಖ ನೋಡಲಿಲ್ಲ. ನನ್ನನ್ನು ನೋಡಿದಳು, ಆಮೇಲೆ ನಮ್ಮಿಬ್ಬರ ಹೆಣೆದುಕೊಂಡ ಕೈಗಳನ್ನು ನೋಡಿದಳು. ನಾನು ಉಗುರು ಸಡಿಲಿಸಲಿಲ್ಲ.

"ಉರದೈತಿ" ಎಂದಳು ಆಯಿ. "ಏನೂ ಇಲ್ಲ. ಬರೀ ಮಚ್ಚಿ. ಕಸ್ತೂರಿ, ಏಳು, ಚಹಾ ಇಡು."

ಅಪ್ಪ ಅವತ್ತು ಚುರುಮುರಿ ಕಟ್ಟಿಸಿಕೊಂಡು ಬಂದ, ಮನೆಯಲ್ಲಿ ಹಬ್ಬದಂತಾಯಿತು. ತಾಟಿನಲ್ಲಿದ್ದ ಎಲೆಗಳನ್ನು ಚಿಮಟಿಗೆಯಲ್ಲಿ ಹಿಡಿದು ಹಿತ್ತಲಿಗೆ ಎಸೆದು ಬಾ ಎಂದು ನನಗೆ ಹೇಳಿದರು. ನನಗೆ ಆ ಎಲೆಯ ಮೇಲೆ ಎಂಥ ಸಿಟ್ಟಿತ್ತೆಂದರೆ, ಚಿಮಟಿಗೆ ಬಿಸಾಕಿ ಬರಿಗೈಯಲ್ಲೇ ಹಿಸುಕಿದೆ. ಒಂದು ಎಲೆ ಕೈ ಸುಟ್ಟಿತು. ಇನ್ನೊಂದು, ಮಚ್ಚೆಗೆ ಒತ್ತಿದ್ದು, ಬೇಯಿಸಿದ ಪಾಲಕದ ಹಾಗೆ ಮೆತ್ತಗೆ ಅಂಗೈಗೆ ಅಂಟಿಕೊಂಡಿತು. ಉರಿಯಲಿಲ್ಲ. ಕೆನ್ನೆಗೆ ತಿಕ್ಕಿಕೊಂಡೆ, ಆಗಲೂ ಉರಿಯಲಿಲ್ಲ. ಅದು ಹಂಚಿನ ಮೇಲೆ ಹೊರಳಿಸಿದ ಸತ್ತ ಎಲೆ. ಯಾರ ಚರ್ಮವನ್ನೂ ಉರಿಸಲಾರದ ಆ ಎಲೆಗೆ ಅವ್ವ ಮನೆ ಹಾರಿಹೋಗುವಂತೆ ಚೀರಿದ್ದಳು.

ಅದೇ ಮಧ್ಯಾಹ್ನ ಒಗೆಯುವ ಕಲ್ಲಿನ ಹತ್ತಿರ ಆಯಿ ಅವ್ವನ ಎದುರು ಬಂದು ನಿಂತಳು. ನಾನು ಬಚ್ಚಲ ಗೋಡೆಯ ಈಚೆ ಇದ್ದೆ.

"ಸತ್ತ ಎಲಿ ಹಚ್ಚಿದ್ನಿ ನೀಲವ್ವ. ನಿನ್ನ ತೊಗಲ ಸುಮ್ಮನ ಇತ್ತು, ನಿನ್ನ ಬಾಯಿ ಒದರಿತು."

ಅವ್ವನ ಕೈಯಿಂದ ಬಟ್ಟೆ ಜಾರಿತು.

"ಕಸ್ತೂರಿ ಲಗ್ನ ಆಗೂ ತನಕಾ ನಿನಗ ಏನೂ ಇಲ್ಲ."

"ಆಮ್ಯಾಲ್ರಿ?"

"ಆಮ್ಯಾಲಿಂದ ಆಮ್ಯಾಲ."

ಅತ್ತಿಯ ಲಗ್ನ ಬೆಳಗಾವಿಯಲ್ಲಿ ಜೋರಾಗಿಯೇ ಆಯಿತು. ಅವ್ವ ಉದ್ದ ತೋಳಿನ ಕುಪ್ಪಸ ತೊಟ್ಟು ಪಂಕ್ತಿಗೆ ಬಡಿಸಿದಳು. ಊರಿಗೆ ಬಂದ ಮೇಲೆ ನಾನು ದಿನಾ ಸಾಲೆಯಿಂದ ಓಡಿಬಂದು ಮೊದಲು ಅಡಿಗೆಮನೆಯೊಳಗೆ ಇಣುಕುತ್ತಿದ್ದೆ, ಅವ್ವ ಇದ್ದಾಳೋ ಕಳಿಸಿಬಿಟ್ಟರೋ ಎಂದು. ಆಯಿ ಕಳಿಸಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದಳು ಅಂತೀನಿ ನಾನು. ವಯಸ್ಸಾಗಿ ಅವಳಿಗೆ ಉರಿ ತಡೆದುಕೊಳ್ಳುವುದು ಆಗುತ್ತಿರಲಿಲ್ಲ. ಅಷ್ಟರಲ್ಲಿ ಅವ್ವನ ಜೋಮು ಮಚ್ಚೆಯಿಂದ ಬೆರಳುಗಳವರೆಗೆ ಇಳಿದಿತ್ತು, ಅದು ಆಯಿಗೂ ಗೊತ್ತಿತ್ತು. ಒಂದು ದಿನ ರೋಗಿಗಳು ಪಡಸಾಲೆಯಲ್ಲಿ ಕಾಯುತ್ತಿದ್ದಾಗ ಅವ್ವನನ್ನು ಕರೆದು, "ನೀ ಹರಕೊಂಡ ಬಾ, ಎಡಗೈಲೆ" ಎಂದಳು. ಅವ್ವ ಹೋಗಿ ಎಣ್ಣೆ ಹಚ್ಚದೆ, ಉಸಿರು ಹಿಡಿಯದೆ, ಮೆಂತೆ ಸೊಪ್ಪು ಕಿತ್ತಂತೆ ಕಿತ್ತು, ಕಟ್ಟನ್ನು ಎಡಗೈಯಲ್ಲಿ ಹಿಡಿದು ಎಲ್ಲರ ಮುಂದೆ ತಂದು ನಿಂತಳು. ಜನ ಎದ್ದುನಿಂತರು. ಒಬ್ಬ ಮುದುಕ ಕೈ ಮುಗಿದ.

"ಶಿವಶಿವಾ! ತಂಗೆವ್ವ ಸೊಸಿಗೆ ಒಲದಾಳ ನೋಡ್ರಿ."

ಆಯಿ ಅಂಗೈಗೆ ಎಣ್ಣೆ ಸವರಿಕೊಂಡು ಕಟ್ಟು ಇಸಿದುಕೊಂಡಳು. ಅಂದಿನಿಂದ ಹರಿಯುವವಳು ಅವ್ವ, ಬಡಿಯುವವಳು ಆಯಿ. ಹಳ್ಳಿಹಳ್ಳಿಯಿಂದ ಜನ ಹೆಚ್ಚಿದರು. ಗಿಡಕ್ಕೆ ಇನ್ನೊಂದು ಹೆಸರು ಬಿತ್ತು, ನೀಲವ್ವನ ಸೊಪ್ಪು. ಕಾಲಿಗೆ ಬೀಳುವವರು ಅವ್ವನ ಕಾಲಿಗೂ ಬೀಳತೊಡಗಿದರು. ಮತ್ತು, ಇದನ್ನು ಹೇಳಲೇಬೇಕು, ಅವ್ವನಿಗೆ ಅದು ಹಿಡಿಸಿತು. ಲಗ್ನವಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳಿಗೆ "ಬಾ, ಕುಂದರು" ಎಂದವರಿರಲಿಲ್ಲ; ಈಗ ಊರವರು "ಬರ್ರಿ ನೀಲವ್ವಾರ, ಕುಂದರ್ರಿ" ಅನ್ನುತ್ತಿದ್ದರು. ಅವಳು ಸಂಜೆ ಕೂದಲು ಬಾಚಿ ಹೂ ಮುಡಿಯಲು ಶುರುಮಾಡಿದಳು. ರೋಗಕ್ಕೆ ಸಿಕ್ಕ ಮಾನ ಅದು ಎಂದು ಗೊತ್ತಿದ್ದವರು ಮೂವರೇ: ಆಯಿ, ಅವ್ವ, ನಾನು. ನಾವು ಮೂವರೂ ಒಂದೇ ಒಲೆಯ ಮುಂದೆ ಉಣ್ಣುತ್ತಿದ್ದೆವು, ಆ ಮಾತು ಒಬ್ಬರೂ ಎತ್ತುತ್ತಿರಲಿಲ್ಲ.

ಸೊಪ್ಪು ಹಿಡಿದ ಕೈ ದದ್ದೆದ್ದು ಊದುತ್ತಿತ್ತು, ಅವ್ವನಿಗೆ ಗೊತ್ತಾಗುತ್ತಿರಲಿಲ್ಲ. ಗೀರಿದಲ್ಲಿ ಕೀವು ಆಗುತ್ತಿತ್ತು. ನಾನು ನಾಲ್ಕನೇ ಇಯತ್ತೆ ಮುಗಿಸುವಷ್ಟರಲ್ಲಿ ಕಿರುಬೆರಳು ಒಳಗೆ ಮಡಚಿಕೊಂಡಿತು, ಅದರ ಪಕ್ಕದ್ದೂ ಹಿಂದೆಯೇ ಹೋಯಿತು. ಜನ ಅದಕ್ಕೂ ಅರ್ಥ ಹಚ್ಚಿದರು, ಗಿಡ ತನ್ನವಳ ಕೈಯನ್ನು ಗುರುತು ಮಾಡುತ್ತದೆಯಂತೆ. ಅಪ್ಪ ನೋಡುತ್ತಿದ್ದ. ಭಟ್ಟಿಯ ಬೆಂಕಿ ನೋಡಿ ನೋಡಿ ಸಣ್ಣಗಾದ ಆ ಕಣ್ಣುಗಳಿಗೆ ಎಷ್ಟು ಕಾಣುತ್ತಿತ್ತೋ, ಎಷ್ಟು ಬೇಡವಾಗಿತ್ತೋ, ನಾನು ಹೇಳಲಾರೆ.

ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬೇಯಿಸುತ್ತ ನನ್ನ ಹತ್ತಿರ ಮಾತಾಡುತ್ತಿದ್ದಳು. ಯಾವುದೋ ನಗೆಮಾತು. ಮಜ್ಜಿಗೆ ಕೇಳಲು ಬಂದ ಶೇವಂತಾಬಾಯಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ಸುಟ್ಟ ವಾಸನೆ. ನಾನು ರೊಟ್ಟಿ ಸೀದಿತೆಂದುಕೊಂಡೆ. ಅವ್ವನ ಎಡಗೈಯ ಅಂಚು ಕಾದ ಹಂಚಿನ ಮೇಲಿತ್ತು. ಅವಳು ನಗುತ್ತಲೇ ಇದ್ದಳು.

"ಅಗಬಾಯಿ! ನೀಲಾ, ಕೈ ತಗಿ!" ಶೇವಂತಾಬಾಯಿ ಹಾರಿ ಅವಳ ತೋಳು ಜಗ್ಗಿದಳು. ಸುಟ್ಟದ್ದನ್ನು ನೋಡಿದಳು, ಮಡಚಿದ ಬೆರಳು ನೋಡಿದಳು, ಕುಪ್ಪಸ ಸರಿಸಿ ಮಚ್ಚೆ ನೋಡಿದಳು. ಕೈ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ಪಡಸಾಲೆಗೆ ಕರೆತಂದು, ಭಟ್ಟಿಗೆ ಹೊರಟಿದ್ದ ಅಪ್ಪನ ಮುಂದೆ ನಿಲ್ಲಿಸಿದಳು.

"ಇದು ದೇವಿ ಅಲ್ಲ, ಮಂತ್ರ ಅಲ್ಲ. ಇದು ಮಹಾರೋಗ. ನಮ್ಮ ಕಾಕಾಗ ಹಿಂಗಽ ಇತ್ತು. ಬೆಳಗಾವ್ಯಾಗ ಗುಳಿಗಿ ಕೊಡ್ತಾರ. ಇವತ್ತ ಕರಕೊಂಡ ಹೋಗತಿ ಏನ ನಾ ಕರಕೊಂಡ ಹೋಗ್ಲಿ?"

ಅಪ್ಪ ಆಯಿಯ ಕಡೆ ತಿರುಗಿದ. ಅವನು ತಾಯಿಯ ಮುಂದೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಿನಗ ಗೊತ್ತಿತ್ತೇನ?"

"ಗೊತ್ತಿತ್ತು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರ ಏನ ಮಾಡತಿದ್ದಿ? ಕುಂಬಾರರ ಹುಡುಗಿನ್ನ ಮಂದಿ ಏನ ಮಾಡಿದ್ರು, ನೋಡಿಲ್ಲೇನ?"

"ಮಂದಿಗೆ ಹೇಳಿದಾಕಿ ನೀನಽ ಅಲ್ಲೇನವ್ವಾ!"

ಆಯಿ ಗೋಡೆ ಹಿಡಿದುಕೊಂಡು ಕೂತಳು. ಆ ದಿನದ ನಂತರ ಅವಳು ಯಾರಿಗೂ ಎಲೆ ಮುಟ್ಟಿಸಲಿಲ್ಲ. ಚಕ್ಕಡಿಗಳು ಬಂದರೆ, "ಇಲ್ಲೆ ಏನೂ ಇಲ್ಲ, ದವಾಖಾನಿಗೆ ಹೋಗ್ರಿ" ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಅವಳ ಮೇಲಿನ ನನ್ನ ಸಿಟ್ಟು ಅಷ್ಟಕ್ಕೆ ತಣಿಯಲಿಲ್ಲ, ಅವಳು ಸತ್ತಾಗಲೂ ತಣಿದಿರಲಿಲ್ಲ. ಅವಳು ಅವ್ವನನ್ನು ಮನೆಯಿಂದ ಹಾಕಲಿಲ್ಲ ಎಂಬುದೂ ಖರೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ಅವ್ವನ ಮಾತಿಗೆ ಬಂದರೆ, ವರ್ಷಗಟ್ಟಲೆ ಗುಳಿಗೆ ನುಂಗಿ ರೋಗ ಹೋಯಿತು, ಮಡಚಿದ ಬೆರಳು ಬಿಚ್ಚಲಿಲ್ಲ. ಕೊನೆಯವರೆಗೂ ಅವಳು ಬಲಗೈಯಲ್ಲಿ ರೊಟ್ಟಿ ಬಡಿದು, ಎಡಗೈಗೆ ಬಟ್ಟೆ ಸುತ್ತಿಕೊಂಡು ಬೇಯಿಸಿದಳು. ಕ್ಯಾಂಪಿನ ಕಸ್ತೂರತ್ತಿ ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಕೈ ಸುಟ್ಟ ಆ ದಿನವೇ ಅಪ್ಪನ ಸಂಗಡ ಖಾನಾಪುರದಿಂದ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಅವ್ವ ಕಿಟಕಿಯ ಬದಿ ಕೂತು, ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ದವಾಖಾನೆಯ ಉದ್ದ ಬೆಂಚಿನ ಮೇಲೆ ಅವಳಂಥವರೇ ಎಷ್ಟೋ ಜನ ಇದ್ದರು. ನಾನು ಕುಂಬಾರರ ಹುಡುಗಿಗಾಗಿ ಒಬ್ಬೊಬ್ಬರ ಮುಖ ನೋಡಿದೆ, ಅವಳಿರಲಿಲ್ಲ. ಡಾಕ್ಟರಬಾಯಿ ವಯಸ್ಸಾದವಳು, ಗಡಿಬಿಡಿಯಿಲ್ಲದವಳು. ಹತ್ತಿಯ ಒಂದು ಎಳೆಯನ್ನು ತಿರುವಿ ಚೂಪು ಮಾಡಿದಳು.

"ಕಣ್ಣ ಮುಚ್ಚರಿ. ನಾ ಮುಟ್ಟಿದಾಗ ಹೂಂ ಅನ್ರಿ."

ಅವ್ವ ಕಣ್ಣು ಮುಚ್ಚಿದಳು. ನಾನು ಯಾರೂ ಹೇಳದೆಯೇ ಅವಳ ಪಕ್ಕಕ್ಕೆ ಸರಿದು ಅವಳ ಬಲಗೈಯನ್ನು ಹಿಡಿದುಕೊಂಡೆ. ಹತ್ತಿ ಕಿರುಬೆರಳಿಗೆ ತಾಗಿತು. ನಾನು ಉಗುರು ಚುಚ್ಚಿದೆ. ಅವ್ವ ಚೀರಲಿಲ್ಲ. ಕಣ್ಣು ಮುಚ್ಚಿಕೊಂಡೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡು ಸರೂ. ಸಾಕು."

ಆಮೇಲೆ ಮುಖವನ್ನು ಡಾಕ್ಟರಬಾಯಿಯ ಕಡೆ ತಿರುಗಿಸಿದಳು.

"ಈಗ ಮುಟ್ಟಸ್ರಿ ಬಾಯಾರ."

"ಮುಟ್ಟಿ ಆತ್ರಿ."

"ಗೊತ್ತಾಗಲಿಲ್ಲರಿ."

ಹತ್ತಿ ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮಚ್ಚೆಯವರೆಗೆ ಮೆಲ್ಲಗೆ ಏರುತ್ತಿತ್ತು. ಪ್ರತಿ ಸಲ ಡಾಕ್ಟರಬಾಯಿ "ಈಗ?" ಅನ್ನುತ್ತಿದ್ದಳು, ಪ್ರತಿ ಸಲ ಅವ್ವ "ಇಲ್ಲರಿ" ಅನ್ನುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ, ತಲೆ ಎತ್ತಿ, "ಇಲ್ಲರಿ. ಇಲ್ಲರಿ." ಮೊಣಕೈ ದಾಟಿ ತೋಳಿಗೆ ಬಂದಾಗ ಅವಳು ತುಸು ಬೆಚ್ಚಿದಳು.

"ಹೂಂ ರೀ" ಎಂದಳು. "ಇಲ್ಲೆ ನಾ ಇದ್ದೀನ್ರಿ."